ಮೆಟ್ಟಿಲ ಕೆಳಗಿನ ಟೇಪಕ್ಕ

ಬೆಳಗಿನ ಐದೂಕಾಲು. ನಾಲ್ಕು ಮಹಡಿಯ ಹಳೆಯ ಕಟ್ಟಡ ಇನ್ನೂ ಕಣ್ಣು ಬಿಟ್ಟಿಲ್ಲ. ಅದರ ಮೆಟ್ಟಿಲ ಕೆಳಗಿನ ಇಳಿಜಾರು ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಬಾಗಿಲ ಹತ್ತಿರ ನಿಲ್ಲಬಹುದು, ಮಧ್ಯಕ್ಕೆ ಬಂದರೆ ಬಗ್ಗಬೇಕು, ಮೂಲೆಗೆ ಹೋಗಬೇಕಾದರೆ ಕೂತೇ ಸರಿಯಬೇಕು, ಅಂಥ ಕೋಣೆ. ಆ ಮೂಲೆಯಲ್ಲಿ ಕೂತ ಹೆಂಗಸೊಬ್ಬರು ಕಡ್ಡಿಗೆ ಸುತ್ತಿದ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಟೇಪ್ ಡೆಕ್ಕಿನಲ್ಲಿ ದನಿ ಓದುವ ಹೆಡ್ಡನ್ನು ಒರೆಸುತ್ತಿದ್ದಾರೆ. ಎಳೆಗೂಸಿನ ಕಿವಿ ಒರೆಸುವವರ ನಯ, ಅವರದೇ ಭಯ.

ಬೀದಿಗೆಲ್ಲ ಅವರು ಟೇಪಕ್ಕ. ವಯಸ್ಸು ಐವತ್ತೆಂಟು. ಹಳೆಯ ಕ್ಯಾಸೆಟ್‌ಗಳಲ್ಲಿ ಉಳಿದುಹೋದ ದನಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಅವರ ಕೆಲಸ. ಇವತ್ತು ಅವರ ಪಕ್ಕದ ಸ್ಟೂಲಿನಲ್ಲಿ, ಕಾಖಿ ಬಟ್ಟೆ ತೊಟ್ಟು, ಏಳು ಗಂಟೆಯ ಪಾಳಿಗೆ ತಯಾರಾಗಿ ಬಂದ ಬಸ್ ಕಂಡಕ್ಟರ್ ಒಬ್ಬಳು ಕೂತಿದ್ದಾಳೆ. ನಲವತ್ತರ ಹೆಂಗಸು. ಡೆಕ್ಕಿನ ಮುಂದೆ ಇರುವ ಅರವತ್ತು ನಿಮಿಷದ ಕ್ಯಾಸೆಟ್ ಅವಳದು.

ಟೇಪಕ್ಕ ಒಂದು ಕಾಗದದ ಪೊಟ್ಟಣ ಬಿಚ್ಚಿ ಅವಳಿಗೆ ತೋರಿಸುತ್ತಾರೆ. ಒಳಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಹತ್ತಿಯ ಉಂಡೆ.

"ಹೋದ ವಾರ ನಿಮ್ಮ ಟೇಪು ಓಡಿಸಿದಾಗ ಹೆಡ್ಡಿಗೆ ಮೆತ್ತಿದ್ದು ಇದು. ಕೊಳೆ ಅಂದ್ಕೋಬೇಡಿ. ಕೊಳೆ ಆಗಿದ್ರೆ ಎಸೀತಿದ್ದೆ. ಇದು ದನೀನೇ, ಪುಡಿಯಾಗಿ ಉದುರಿರೋದು."

ಕಂಡಕ್ಟರ್ ಆ ಪುಡಿಯನ್ನು ಮುಟ್ಟಲು ಬೆರಳು ಚಾಚಿ, ಮುಟ್ಟದೆ ಹಿಂದೆಗೆದುಕೊಳ್ಳುತ್ತಾಳೆ. "ಇನ್ನೆಷ್ಟು ಸಲ ಓಡುತ್ತೆ ಅಕ್ಕಾ?"

"ಒಂದು ಸಲ. ಅದಕ್ಕಿಂತ ಹೆಚ್ಚಿಗೆ ಹೇಳಿದ್ರೆ ಸುಳ್ಳು ಹೇಳಿದ ಹಾಗೆ."

ಹೊರಗೆ ಲಿಫ್ಟಿನ ಬಾಗಿಲ ಬಳಿ ಟೇಪಕ್ಕನ ಗಂಡ ಬೀಗದ ಗೊಂಚಲು ಹಿಡಿದು ನಿಂತಿದ್ದಾರೆ. ಈ ಕಟ್ಟಡದ ಲಿಫ್ಟು ನೋಡಿಕೊಳ್ಳುವವರು ಅವರೇ. ಹೆಂಡತಿಗೆ ಮೆಟ್ಟಿಲ ಕೆಳಗಿನ ಕೋಣೆ ಸಿಕ್ಕಿದ್ದೂ ಅದರಿಂದಲೇ. ಮೊದಲು ಅಲ್ಲಿ ಪೊರಕೆ, ಬಕೆಟ್ಟು ಇಡುತ್ತಿದ್ದರು.

"ರೀ, ನಿಲ್ಸಿದ್ರಾ?" ಒಳಗಿಂದ ಟೇಪಕ್ಕ ಕೂಗುತ್ತಾರೆ.

"ನಿಲ್ಸಿ ಬೀಗಾನೂ ಹಾಕಿದೀನಿ ಕಣೇ. ಆದ್ರೆ ಮೂರನೇ ಮಹಡಿಯಿಂದ ಚಪ್ಪಲಿ ಸದ್ದು ಬರ್ತಿದೆ."

ಮೂರನೇ ಮಹಡಿಯ ಚಪ್ಪಲಿ ಎಂದರೆ ನಿವೃತ್ತ ಮೇಷ್ಟ್ರು. ಬೆಳಗಿನ ವಾಕಿಂಗ್ ತಪ್ಪಿಸದ ಮನುಷ್ಯ. ಮಂಡಿನೋವು, ಬಾಯಿ ಜೋರು.

"ದಿನಾ ಈ ಹೊತ್ತಿಗೆ ನಿಮ್ಮ ಲಿಫ್ಟಿಗೆ ಏನ್ರೀ ಕಾಯಿಲೆ?"

"ಒಂದು ಗಂಟೆ ರೆಸ್ಟು ಮೇಷ್ಟ್ರೇ."

"ಲಿಫ್ಟಿಗೆ ರೆಸ್ಟು! ನನ್ನ ಮಂಡಿಗೆ?"

"ನೀವು ಇಳೀತಿದೀರಿ, ಹತ್ತುತಾ ಇಲ್ವಲ್ಲ."

"ಇಳಿಯೋದೇ ಕಣಯ್ಯಾ ಕಷ್ಟ. ನಿಂಗೂ ಅರವತ್ತೆಂಟು ಆಗ್ಲಿ, ಆಗ ಬಂದು ಕೇಳ್ತೀನಿ."

ಲಿಫ್ಟಿಗೂ ಕ್ಯಾಸೆಟ್ಟಿಗೂ ಏನು ಸಂಬಂಧ ಎಂದು ಕೇಳಿದರೆ ಟೇಪಕ್ಕನ ಕಣ್ಣು ಅರಳುತ್ತದೆ. ಈ ಕೆಲಸ ಹಿಡಿದ ಮೊದಲ ವರ್ಷ ಅವರು ಇಳಿಸಿದ ಪ್ರತಿ ಟೇಪಿನಲ್ಲೂ ನಡುನಡುವೆ 'ಟಪ್' ಎನ್ನುವ ಸದ್ದು ಕೂತಿರುತ್ತಿತ್ತು. ಟೇಪಿನ ದೋಷ ಎಂದುಕೊಂಡರು. ಕೇಬಲ್ ಬದಲಾಯಿಸಿದರು. ಡೆಕ್ಕನ್ನೂ ಕಂಪ್ಯೂಟರನ್ನೂ ಜೋಡಿಸುವ ಅಂಗೈಯಗಲದ ಡಬ್ಬಿ ಬದಲಾಯಿಸಿದರು. ಸದ್ದು ಹೋಗಲಿಲ್ಲ. ಒಂದು ಮಧ್ಯಾಹ್ನ ಗಡಿಯಾರ, ಚೀಟಿ, ಪೆನ್ಸಿಲ್ ಹಿಡಿದು ಪ್ರತಿ 'ಟಪ್'ನ ಹೊತ್ತು ಬರೆಯುತ್ತ ಕೂತರು. ಹನ್ನೊಂದು ಸಲ ಬಂತು. ಸಂಜೆ ಗಂಡ ಕೆಲಸ ಮುಗಿಸಿ ಬಂದು, "ಮಧ್ಯಾಹ್ನ ಎರಡರಿಂದ ಮೂರರ ತನಕ ಹನ್ನೊಂದು ಸಲ ಮೇಲೆ ಕೆಳಗೆ ಓಡಾಡಿಸಿದ್ರು, ಸಾಕಾಗೋಯ್ತು" ಎಂದು ಸುಮ್ಮನೆ ಗೊಣಗಿದರು. ಟೇಪಕ್ಕ ಚೀಟಿ ಹಿಡಿದು ಎದ್ದು ನಿಂತರು, ತಲೆ ಮೆಟ್ಟಿಲಿಗೆ ಹೊಡೆಯಿತು. ಲಿಫ್ಟಿನ ಮೋಟಾರು ಎಳೆಯುವ ಕರೆಂಟಿನ ಕುಲುಕಾಟ ಅದೇ ಲೈನಿನಲ್ಲಿದ್ದ ಅವರ ಡೆಕ್ಕಿಗೂ ತಾಗುತ್ತಿತ್ತು. ಅಂದಿನಿಂದ ಜೋಪಾನದ ಕೆಲಸವೆಲ್ಲ ಬೆಳಗಿನ ಐದೂವರೆಯಿಂದ ಆರೂವರೆಗೆ.

ಟೇಪಕ್ಕನ ಕೈ ಪಳಗಿದ್ದು ಕ್ಯಾಸೆಟ್ ಕಾರ್ಖಾನೆಯಲ್ಲಿ. ಹತ್ತೊಂಬತ್ತಕ್ಕೆ ಸೇರಿದರು, ಹದಿನೇಳು ವರ್ಷ ದುಡಿದರು. ಕ್ಯಾಸೆಟ್ಟಿನ ಬಾಯಿಯ ಬಳಿ, ಟೇಪನ್ನು ಹೆಡ್ಡಿಗೆ ಮೆಲ್ಲಗೆ ಒತ್ತಿಹಿಡಿಯುವ ಬೇಳೆಕಾಳಿನಷ್ಟು ಪ್ಯಾಡ್ ಒಂದು ಇರುತ್ತದೆ. ಅದನ್ನು ಚಿಮಟದಲ್ಲಿ ಹಿಡಿದು, ಅಂಟು ಸೋಕಿಸಿ, ಕೂರಿಸುವುದಷ್ಟೇ ಅವರ ಪಾಲಿನ ಕೆಲಸ. ಪಾಳಿಯೊಂದಕ್ಕೆ ಸಾವಿರದ ನಾನೂರು. "ಜನ ಹಾಡು ಕೇಳೋರು, ಪ್ಯಾಡ್ ಯಾರು ನೋಡ್ತಾರೆ? ಪ್ಯಾಡ್ ಬಿದ್ದೋದ ದಿನ ಮಾತ್ರ ಹಾಡೂ ಇರಲ್ಲ" ಎನ್ನುತ್ತಾರೆ.

ಕ್ಯಾಸೆಟ್ಟಿನ ಕಾಲ ಮುಗಿದು ಕಾರ್ಖಾನೆ ಬಾಗಿಲು ಹಾಕಿತು. ಆಮೇಲೆ ಜೆರಾಕ್ಸ್ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷ ನಿಂತರು. ಅಲ್ಲಿ ಟೈಪಿಂಗ್ ಕಲಿತರು, ಟೈಪಿಂಗ್ ಜೊತೆ ಕಂಪ್ಯೂಟರಿನ ಹಟಗಳನ್ನೂ ಕಲಿತರು. ಒಂದು ದಿನ ಪಕ್ಕದ ರೇಡಿಯೋ ರಿಪೇರಿಯವರು ಅಂಗಡಿ ಖಾಲಿ ಮಾಡುವಾಗ, "ನೀನು ಕ್ಯಾಸೆಟ್ ಫ್ಯಾಕ್ಟರಿಯವಳಲ್ವೇನಮ್ಮಾ, ಇಟ್ಕೋ" ಎಂದು ಹಳೆಯ ಡೆಕ್ಕೊಂದನ್ನು ಕೈಗಿಟ್ಟರು. ಅದೇ ಡೆಕ್ಕು ಈಗಲೂ ದುಡಿಯುತ್ತಿದೆ.

ಒಂಬತ್ತು ವರ್ಷ, ಆರು ನೋಟ್‌ಬುಕ್ಕು, ಮೂರು ಸಾವಿರದ ನೂರಕ್ಕೂ ಹೆಚ್ಚು ಕ್ಯಾಸೆಟ್ಟು. ನೋಟ್‌ಬುಕ್ಕಿನ ಅಕ್ಷರ ಗಂಡನದು, ದುಂಡಗಿದೆ ಎಂಬ ಕಾರಣಕ್ಕೆ. ಟೇಪಿನ ನಂಬರು, ತಂದವರು ಯಾರು, ಎಷ್ಟು ನಿಮಿಷ, ಸಾಲಿನ ಕೊನೆಯ ಮನೆಯಲ್ಲಿ ಎಷ್ಟು ದನಿ. ಇಬ್ಬರು ಮಾತಾಡಿದ್ದರೆ ಎರಡು, ಮನೆಮಂದಿಯೆಲ್ಲ ಸೇರಿದ್ದರೆ 'ತುಂಬ'. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು, ಐವತ್ತೊಂಬತ್ತಕ್ಕೆ ಮುಗಿಸುವ ಉಪಾಯ ಯಾರೂ ಕಂಡುಹಿಡಿದಿಲ್ಲ. ದಿನಕ್ಕೆ ನಾಲ್ಕು ಮುಗಿದರೆ ಹಬ್ಬ. ಬಗ್ಗಿ ಬಗ್ಗಿ ಕತ್ತು ಹಿಡಿದಿದೆ. ಬಲಗಣ್ಣಿಗೆ ಪೊರೆ ಬರುತ್ತಿದೆ. "ಎಡಗಿವಿಗೆ ಸೊಳ್ಳೆ ಕೇಳಲ್ಲ ಈಗ" ಎಂದು ಅವರು ಹೇಳಿದರೆ, "ಅದಕ್ಕೇ ಎಲ್ಲಾ ಸೊಳ್ಳೆ ನನ್ನ ಹತ್ರ ದೂರು ತರ್ತವೆ" ಎನ್ನುತ್ತಾರೆ ಗಂಡ.

ಹತ್ತರಲ್ಲಿ ಆರು ಸಲ ತಪ್ಪು ಟೇಪಿನದಲ್ಲ, ಕಂಪ್ಯೂಟರಿನದು. ಇದು ಟೇಪಕ್ಕನ ಲೆಕ್ಕ. ದನಿ ಒಂದೇ ಕಿವಿಗೆ ಬರುವುದು, ಒಡೆದು ಬರುವುದು, ಹಿಂದೆ 'ಗುಂಯ್' ಎನ್ನುವುದು, ಇವೆಲ್ಲ ಅವರಿಗೆ ನೆಗಡಿ ಕೆಮ್ಮಿನಷ್ಟು ಪರಿಚಿತ. ಮದ್ದು ಹುಡುಕುವ ದಾರಿ ಒಂದೇ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಆಮೇಲೆ ಕೇಳು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಕಳ್ಳ ಎಂದು ಕೊನೆಗೂ ತಿಳಿಯುವುದಿಲ್ಲ.

ಅವರೇ ಮಾಡಿದ ತಪ್ಪೊಂದನ್ನು ಅವರು ಯಾರಿಂದಲೂ ಮುಚ್ಚಿಟ್ಟಿಲ್ಲ. ಶುರುವಿನಲ್ಲಿ ಗಡಿಯಾರ ರಿಪೇರಿಯವರೊಬ್ಬರು ತೀರಿಹೋದ ಅಣ್ಣನ ಹಾಡಿನ ಟೇಪು ತಂದಿದ್ದರು. ಟೇಪಕ್ಕ ಕೇಬಲ್ ಸರಿಯಾಗಿಯೇ ಚುಚ್ಚಿದ್ದರು. ಆದರೆ ಕಂಪ್ಯೂಟರು ಕೇಬಲ್ಲಿನ ದನಿ ತೆಗೆದುಕೊಳ್ಳುವ ಬದಲು ತನ್ನದೇ ಮೈಕಿನಿಂದ ಕೋಣೆಯ ಸದ್ದನ್ನು ತುಂಬಿಕೊಳ್ಳುತ್ತಿತ್ತು. ಯಾವುದರಿಂದ ತೆಗೆದುಕೊಳ್ಳಬೇಕು ಎಂದು ಹೇಳಿಕೊಡಲು ಇವರು ಮರೆತಿದ್ದರು. ಗಿರಾಕಿ ಮನೆಗೆ ಹೋಗಿ ಫೈಲು ತೆರೆದರೆ, ಅಣ್ಣ ಬಾವಿಯೊಳಗೆ ಕೂತು ಹಾಡಿದ ಹಾಗೆ ದೂರದಲ್ಲಿ, ಹತ್ತಿರದಲ್ಲಿ ಟೇಪಕ್ಕನ ಕೂಗು: "ರೀ! ಹಾಲು ಉಕ್ತಾ ಇದೆ, ಓಡ್ರೀ!" ಮರುದಿನ ಅವರು ಬಂದು ಗಂಭೀರವಾಗಿ ಕೇಳಿದ್ದು ಇಷ್ಟೇ. "ನಮ್ಮಣ್ಣ ಚೆನ್ನಾಗೇ ಹಾಡಿದಾನೆ. ಹಾಲು ಉಳೀತಾ?"

ಆ ಟೇಪು ಗಟ್ಟಿಯಿತ್ತು, ಮತ್ತೆ ಓಡಿತು. ಹೋದ ವಾರದ ತಪ್ಪು ಅಂಥದ್ದಲ್ಲ.

ಹೋದ ತಿಂಗಳು ಹಳೆಯ ಕಂಪ್ಯೂಟರು ಕೈಕೊಟ್ಟಿತು. ಯಾವುದೋ ಆಫೀಸಿನವರು ಮೀಟಿಂಗಿಗೆ ಬಳಸಿ ಬಿಟ್ಟ ಲ್ಯಾಪ್‌ಟಾಪ್ ಒಂದು ಹೋದ ವಾರ ಮನೆಗೆ ಬಂತು. ಮೊದಲ ದಿನ ಅದರಲ್ಲಿ ಒಬ್ಬ ಮುದುಕರ ಮಾತಿನ ಟೇಪು ಇಳಿಸಿ ಟೇಪಕ್ಕ ದಂಗಾದರು. ಕನ್ನಡಿ ಒರೆಸಿದ ಹಾಗೆ ದನಿ. ಒಂದು ಚೂರು ಗೊರಗೊರ ಇಲ್ಲ. ಗಂಡನನ್ನು ಕರೆದು, "ನೋಡ್ರೀ, ನಂ ಹಳೇ ಡಬ್ಬ ಇಷ್ಟು ವರ್ಷ ನಮ್ಗೆ ಮೋಸ ಮಾಡ್ತು" ಎಂದು ಹಿಗ್ಗಿದರು.

ಆ ಹಿಗ್ಗು ಆರುವ ಮೊದಲೇ ಕಂಡಕ್ಟರ್ ಬಂದಳು. ಬಸ್ಸು ಹೊರಡುವ ಹೊತ್ತು, ಅವಳಿಗೆ ನಿಲ್ಲಲು ಪುರುಸೊತ್ತಿರಲಿಲ್ಲ. "ಎರಡನೇ ಕಡೇಲಿ ನಮ್ಮಮ್ಮ ಇದಾಳೆ ಅಕ್ಕಾ. ಹೋಗಿ ಎರಡು ವರ್ಷ ಆಯ್ತು. ಇದೊಂದೇ ಇರೋದು" ಎಂದು ಕ್ಯಾಸೆಟ್ಟು ಕೈಗಿಟ್ಟು ಓಡಿದಳು. ಪ್ಯಾಡ್ ಉದುರಿಹೋಗಿತ್ತು. ಟೇಪಕ್ಕ ಹೊಸದು ಕೂರಿಸಿದರು, ಅದು ಎರಡು ನಿಮಿಷದ ಕೆಲಸ. ಟೇಪಿನ ಮೈ ಮುಟ್ಟಿ ನೋಡಿದರೆ ಬೆರಳಿಗೆ ಕೆಂಪು ಹತ್ತಿತು.

ಪ್ರತಿ ಟೇಪಿಗೂ ಅವರದೊಂದು ಪದ್ಧತಿ ಇದೆ. ಮೊದಲು ಒಂದು ನಿಮಿಷ ಡೆಕ್ಕಿಗೇ ಕಿವಿ ಕೊಟ್ಟು ಕೇಳುವುದು, ಆಮೇಲೆ ಅದೇ ನಿಮಿಷವನ್ನು ಕಂಪ್ಯೂಟರಿನಲ್ಲಿ ಕೇಳುವುದು. ಎರಡೂ ಒಂದೇ ಎಂದಾದ ಮೇಲೆ ಪೂರ್ತಿ ಓಡಿಸುವುದು. ಅವತ್ತು ಅವರು ಅದನ್ನು ಬಿಟ್ಟರು. ಇಷ್ಟು ಬಡವಾದ ಟೇಪನ್ನು ಪರೀಕ್ಷೆಗೆಂದು ಒಂದು ನಿಮಿಷ ಹೆಚ್ಚಿಗೆ ಓಡಿಸಲು ಮನಸ್ಸು ಬರಲಿಲ್ಲ. ಉಳಿಸಲು ಹೋಗಿ ಮಾಡಿದ ತಪ್ಪು ಅದು.

ಹೆಡ್‌ಫೋನು ಕಂಪ್ಯೂಟರಿಗೆ ಹಾಕಿಕೊಂಡು ಅರ್ಧ ಗಂಟೆ ಕೇಳಿದರು. ಎಂಟೊಂಬತ್ತು ವರ್ಷದ ಹುಡುಗಿಯೊಂದು ಮಗ್ಗಿ ಹೇಳುತ್ತಿದೆ. ಅಮ್ಮನ ದನಿ ಎಲ್ಲೂ ಇಲ್ಲ. ನೋಟ್‌ಬುಕ್ಕಿನ ಕೊನೆಯ ಮನೆಯಲ್ಲಿ ಗಂಡ 'ಒಂದು' ಎಂದು ಬರೆದರು. ಹೆಡ್ ಒರೆಸಿದರೆ ಹತ್ತಿಯೆಲ್ಲ ಇಟ್ಟಿಗೆ ಬಣ್ಣ.

ಟೇಪಕ್ಕನಿಗೆ ಸಮಾಧಾನವಾಗಲಿಲ್ಲ. ಫೈಲನ್ನೇ ಮತ್ತೆ ಕೇಳಿದರು. ಹುಡುಗಿ ಹೇಳುತ್ತದೆ, "ಏಳೆಂಟ್ಲ ಐವತ್ನಾಲ್ಕು." ಆಮೇಲೆ ಖಾಲಿ. ಆಮೇಲೆ, "ಅಲ್ಲ ಅಲ್ಲ, ಐವತ್ತಾರು." ಇನ್ನೊಂದು ಕಡೆ, "ಹನ್ನೆರಡೇಳ್ಲ ಎಂಬತ್ತೆರಡು." ಖಾಲಿ. "ಅಯ್ಯೋ, ಎಂಬತ್ನಾಲ್ಕು." ಹೀಗೆ ಆರು ಕಡೆ.

"ರೀ, ಈ ಮಗೂನ ಯಾರು ತಿದ್ದಿದ್ದು?"

"ತಾನೇ ಹೊಳೆದಿರತ್ತೆ ಬಿಡೇ."

"ತಾನೇ ಹೊಳೆಯೋದಾದ್ರೆ ಒಂದ್ಸಲ ಬೇಗ ಹೊಳೆಯುತ್ತೆ, ಒಂದ್ಸಲ ತಡವಾಗಿ. ಇದು ಪ್ರತಿ ಸಲ ಎರಡೇ ಸೆಕೆಂಡು ಕಾಯುತ್ತೆ. ಯಾರೋ ಏನೋ ಹೇಳ್ತಿದಾರೆ, ನಮಗೆ ಕೇಳಿಸ್ತಿಲ್ಲ. ಕೊನೇಲಿ ನೋಡಿ, ಸುಮ್‌ಸುಮ್ಮನೆ ನಗ್ತಾಳೆ. ಒಬ್ಬಳೇ ಕೂತ ಮಗು ಹಾಗೆ ನಗಲ್ಲ."

ಪರದೆಯ ಮೇಲೆ ದನಿ ಏರಿಳಿಯುವ ಗೆರೆಯನ್ನು ದೊಡ್ಡದು ಮಾಡಿ ನೋಡಿದರು. ಹುಡುಗಿ ಸುಮ್ಮನಾದ ಕಡೆಯೆಲ್ಲ ಗೆರೆ ಇಸ್ತ್ರಿ ಹಾಕಿದ ಹಾಗೆ ಮಲಗಿತ್ತು. ಕ್ಯಾಸೆಟ್ಟಿನಲ್ಲಿ ಸೊನ್ನೆ ಎಂಬುದು ಇಲ್ಲ. ಏನೂ ತುಂಬದ ಹೊಸ ಟೇಪು ಕೂಡ 'ಸೊಯ್' ಎಂದು ಉಸಿರಾಡುತ್ತದೆ. ಹದಿನೇಳು ವರ್ಷ ಅದನ್ನು ಕೇಳಿದ ಕಿವಿ ಅವರದು. ಯಾರೂ ಮಾತಾಡದ ಮನೆಗೂ ಅದರದೇ ಒಂದು ಸದ್ದು ಇರುತ್ತದಲ್ಲ, ಹಾಗೆ. ಈ ಫೈಲಿನಲ್ಲಿ ಆ ಉಸಿರೂ ಇಲ್ಲ. ಮೌನ ಅತಿಯಾಗಿ ಚೊಕ್ಕವಾಗಿತ್ತು.

ಮೂಲ ಟೇಪನ್ನು ಮುಟ್ಟದೆ, ತಮ್ಮದೇ ಖಾಲಿ ಕ್ಯಾಸೆಟ್ಟು ಹಾಕಿ ಹುಡುಕಾಟ ಶುರುವಾಯಿತು. ಡೆಕ್ಕಿಗೆ ಕಿವಿ ಕೊಟ್ಟರೆ 'ಸೊಯ್' ಇದೆ, ಕಂಪ್ಯೂಟರಿನಲ್ಲಿ ಇಲ್ಲ. ಕೇಬಲ್ ಬದಲಾಯಿಸಿದರು, ಇಲ್ಲ. ಡಬ್ಬಿ ಬದಲಾಯಿಸಿದರು, ಇಲ್ಲ. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ತೆಗೆದು ಬೇರೆಯದು ಹಾಕಿದರು, ಆಗಲೂ ಇಲ್ಲ. ಉಳಿದದ್ದು ಲ್ಯಾಪ್‌ಟಾಪ್ ಒಂದೇ. ಕೊನೆಗೆ ಡೆಕ್ಕನ್ನೇ ಬಿಟ್ಟು, ಲ್ಯಾಪ್‌ಟಾಪಿನ ಮೈಕಿನ ಮುಂದೆ ಟೇಬಲ್ ಫ್ಯಾನ್ ಇಟ್ಟು, ಗಂಡನನ್ನು ಅದರ ಪಕ್ಕ ಕೂರಿಸಿದರು.

"ಏನಾದ್ರೂ ಮಾತಾಡಿ."

"ಏನು ಮಾತಾಡ್ಲಿ? ಮೂವತ್ನಾಲ್ಕು ವರ್ಷದಿಂದ ಬಾಯಿ ಮುಚ್ಚಿ ಅಂತಿದ್ದೆ, ಇವತ್ತು ಮಾತಾಡು ಅಂತೀಯ."

ರೆಕಾರ್ಡ್ ಮಾಡಿದ್ದನ್ನು ಕೇಳಿದರೆ, ಗಂಡನ ಮಾತು ಒಂದಕ್ಷರ ಬಿಡದೆ ಇತ್ತು. ಫ್ಯಾನು ಇರಲಿಲ್ಲ.

"ಫ್ಯಾನ್ ಎಲ್ಲೇ ಹೋಯ್ತು?" ಅವರು ತಿರುಗಿ ಫ್ಯಾನನ್ನು ನೋಡಿದರು. ಅದು ತಿರುಗುತ್ತಲೇ ಇತ್ತು.

ಮೀಟಿಂಗಿನಲ್ಲಿ ಫ್ಯಾನು, ರಸ್ತೆ, ಪಕ್ಕದವರ ಗಲಾಟೆ ಕೇಳಿಸಬಾರದು ಎಂದು ಲ್ಯಾಪ್‌ಟಾಪಿಗೆ ಹೇಳಿಕೊಟ್ಟಿದ್ದರು. ಮನುಷ್ಯರ ಮಾತೊಂದನ್ನು ಇಟ್ಟುಕೊ, ಉಳಿದದ್ದು ಗಲೀಜು, ಗುಡಿಸಿಹಾಕು. ಅದು ಹೇಳಿದ ಕೆಲಸ ಮಾಡುತ್ತಿತ್ತು, ಅಷ್ಟೇ. ಸೆಟ್ಟಿಂಗ್ಸ್ ಒಳಗೆ ಇನ್ನೊಂದು ಪುಟ, ಅದರೊಳಗೆ ಮತ್ತೊಂದು ಪುಟ, ಅಲ್ಲಿ ಒಂದು ಸಣ್ಣ ಟಿಕ್. ಟೇಪಕ್ಕ ಅದನ್ನು ತೆಗೆದರು. 'ಸೊಯ್' ಎಂದಿತು. ಎಷ್ಟೋ ದಿನದಿಂದ ಕಾಣದ ನೆಂಟರು ಬಾಗಿಲು ತಟ್ಟಿದ ಹಾಗಾಯಿತು ಅವರಿಗೆ.

ಖುಷಿ ಒಂದು ಗಳಿಗೆ. ಇನ್ನೊಂದೇ ಓಟ ಉಳಿದ ಟೇಪನ್ನು ಕೇಳದೆ ಓಡಿಸುವ ಹಾಗಿಲ್ಲ. ಒಳಗೆ ಇನ್ನೇನು ಸಿಗುತ್ತದೋ ಗೊತ್ತಿಲ್ಲ. ಗುಡಿಸಿಹಾಕಿದ್ದು ಬರೀ ಬೀದಿಯ ಗದ್ದಲವೇ ಆಗಿದ್ದರೆ? ಓಡುವಾಗ ಟೇಪು ಹರಿದರೆ? ಕಂಡಕ್ಟರ್‌ಗೆ ಫೋನು ಮಾಡಿದರು.

"ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ! ರೀ ಸಾರ್, ಬಾಗಿಲಲ್ಲಿ ಏನು ಗೋಡೆ ಕಟ್ತೀರಾ? ಹಾಂ ಅಕ್ಕಾ, ಹೇಳಿ."

"ನಾನೊಂದು ತಪ್ಪು ಮಾಡಿದೀನಿ ತಾಯಿ. ಅದಿರ್ಲಿ, ಮೊದ್ಲು ಇದು ಹೇಳಿ. ನಿಮ್ಮಮ್ಮ ಎಲ್ಲಿ ಮಾತಾಡ್ತಾರೆ ಇದರಲ್ಲಿ? ನಂಗೆ ಸಿಗ್ಲೇ ಇಲ್ಲ."

"ಕೊನೇ ಸ್ಟಾಪಲ್ಲಿ ಇಳಿದು ಮಾಡ್ತೀನಿ" ಎಂದು ಫೋನು ಇಟ್ಟಳು. ಇಪ್ಪತ್ತು ನಿಮಿಷದ ಮೇಲೆ ಬಂದ ದನಿ ಮೆತ್ತಗಿತ್ತು.

"ನಮ್ಮಮ್ಮಂಗೆ ಮಾತು ಬರ್ತಿರ್ಲಿಲ್ಲ ಅಕ್ಕಾ. ಹುಟ್ಟಿದಾಗಿಂದ. ಕಿವಿ ಮಾತ್ರ ಚುರುಕು. ಹೊಲಿಗೆ ಮೆಷಿನ್ ತುಳೀತಾ ನನ್ನ ಮಗ್ಗಿ ಕೇಳೋಳು. ತಪ್ಪು ಹೇಳಿದ್ರೆ ಮೆಷಿನ್ ನಿಲ್ಸೋಳು. ಸರಿ ಹೇಳೋ ತನಕ ಒಂದು ಹೊಲಿಗೆ ಹಾಕ್ತಿರ್ಲಿಲ್ಲ. ಮಾವನ ಟೇಪ್‌ರೆಕಾರ್ಡರಲ್ಲಿ ನಾನೇ ರೆಕಾರ್ಡ್ ಮಾಡಿದ್ದು."

"ಇದನ್ನ ಮೊದ್ಲೇ ಹೇಳ್ಬಾರ್ದಾ?"

"ಹೇಳಿದ್ನಲ್ಲ? ಎರಡನೇ ಕಡೇಲಿ ಅಮ್ಮ ಇದಾಳೆ ಅಂತ."

ಕಂಪ್ಯೂಟರು ಗುಡಿಸಿಹಾಕಿದ್ದು ಯಾರನ್ನು ಎಂದು ಟೇಪಕ್ಕನಿಗೆ ಆಗ ಗೊತ್ತಾಯಿತು. ನಡೆದದ್ದನ್ನೆಲ್ಲ ಬಿಡಿಸಿ ಹೇಳಿದರು, ತಮ್ಮ ತಪ್ಪು ಎಂದು ಎರಡು ಸಲ ಹೇಳಿದರು. ಇನ್ನೊಂದು ಸಲ ಓಡಿಸಿದರೆ ಸಿಗಬಹುದು, ಸಿಗದೆ ಟೇಪೇ ಹೋಗಲೂಬಹುದು ಎಂದರು. ಮೆಷಿನ್ನಾದರೂ ಇದೆಯಾ ಎಂದು ಕೇಳಿದರು.

"ಇಲ್ಲ ಅಕ್ಕಾ. ಕೊನೇ ವರ್ಷ ಅಮ್ಮನೇ ಅದನ್ನ ಹೊಲಿಗೆ ಕಲಿಯೋ ಒಬ್ಬ ಹುಡುಗೀಗೆ ಕೊಟ್ಬಿಟ್ಲು." ಆಮೇಲೆ ಅಂದಳು, "ಓಡ್ಸಿ. ಆದ್ರೆ ನಾನೂ ಬರ್ತೀನಿ. ಹೋಗೋದೇ ಆದ್ರೆ ನನ್ನೆದುರಿಗೇ ಹೋಗ್ಲಿ."

ಹಾಗಾಗಿ ಈ ಬೆಳಗ್ಗೆ ಲಿಫ್ಟು ನಿಂತಿದೆ, ಕಂಡಕ್ಟರ್ ಸ್ಟೂಲಿನ ಮೇಲೆ ಇದ್ದಾಳೆ.

ಟಿಕ್ ತೆಗೆದಿದೆಯೇ ಎಂದು ಟೇಪಕ್ಕ ಮತ್ತೊಮ್ಮೆ ನೋಡುತ್ತಾರೆ. ಖಾಲಿ ಕ್ಯಾಸೆಟ್ಟು ಹಾಕಿ ಡೆಕ್ಕಿಗೆ ಕಿವಿ, ಕಂಪ್ಯೂಟರಿಗೆ ಕಿವಿ. ಎರಡೂ ಕಡೆ ಉಸಿರು ಇದೆ. ಡೆಕ್ಕಿನ ಮುಚ್ಚಳ ಬಿಚ್ಚಿ ಪಕ್ಕಕ್ಕಿಟ್ಟಿದ್ದಾರೆ, ಚಕ್ರ ಕಣ್ಣಿಗೆ ಕಾಣುತ್ತಿರಲಿ ಎಂದು. ಕಂಡಕ್ಟರ್‌ಗೊಂದು ಹೆಡ್‌ಫೋನು ಕೊಟ್ಟು, ತಾವೊಂದು ಹಾಕಿಕೊಂಡು, ಗುಂಡಿ ಒತ್ತುತ್ತಾರೆ.

ಸೊಯ್. ಆಮೇಲೆ, ದೂರದಿಂದ ಎದ್ದು ಬಂದ ಹಾಗೆ, ಟಕಟಕಟಕಟಕ.

ಕಂಡಕ್ಟರ್ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಹುಡುಗಿ ಮಗ್ಗಿ ಶುರುಮಾಡುತ್ತಾಳೆ. ಮೆಷಿನ್ನು ಹಿಂದೆ ಓಡುತ್ತಿದೆ. "ಏಳೆಂಟ್ಲ ಐವತ್ನಾಲ್ಕು." ಮೆಷಿನ್ನು ನಿಂತಿತು. ಹೋದ ವಾರ ಖಾಲಿಯಾಗಿದ್ದ ಎರಡು ಸೆಕೆಂಡು ಈಗಲೂ ಸುಮ್ಮನಿದೆ, ಆದರೆ ಈಗ ಅದರೊಳಗೆ ಒಬ್ಬರು ಕೂತಿದ್ದಾರೆ. "ಅಲ್ಲ ಅಲ್ಲ, ಐವತ್ತಾರು." ಟಕಟಕಟಕ.

ಕಂಡಕ್ಟರ್ ಬಾಯಿ ಗಟ್ಟಿಯಾಗಿ ಒತ್ತಿಕೊಂಡು ಅಳು ತಡೆಯುವುದನ್ನು ನೋಡಿ ಟೇಪಕ್ಕ ಹೆಡ್‌ಫೋನಿನ ಒಂದು ಕಿವಿ ಸರಿಸಿ ಹೇಳುತ್ತಾರೆ, "ಗಟ್ಟಿಯಾಗೇ ಅಳಿ ತಾಯಿ. ಇದರೊಳಗೆ ಹೋಗಲ್ಲ. ಕೇಬಲ್ಲಲ್ಲಿ ಬರೋದು ಮಾತ್ರ ಹೋಗೋದು. ಆ ಪಾಠ ಹಾಲು ಉಕ್ಕಿದ ದಿನಾನೇ ಕಲ್ತಿದೀನಿ."

ಹಾಲಿನ ಕತೆ ಕಂಡಕ್ಟರ್‌ಗೆ ಗೊತ್ತಿಲ್ಲ. ಆದರೂ ಅವಳು ಅಳುತ್ತಾಳೆ, ಬಸ್ಸಿನ ದನಿಯಲ್ಲಿ.

ಇಪ್ಪತ್ತೆರಡನೇ ನಿಮಿಷಕ್ಕೆ ಟೇಪು ಕಿರ್ರೆನ್ನುತ್ತದೆ. ಸುತ್ತಿಕೊಳ್ಳುವ ಚಕ್ರ ತಡವರಿಸುತ್ತಿದೆ. ನಿಲ್ಲಿಸುವ ಹಾಗಿಲ್ಲ, ನಿಂತರೆ ಟೇಪು ಹೆಡ್ಡಿಗೇ ಅಂಟಿಕೊಳ್ಳುತ್ತದೆ. ಟೇಪಕ್ಕ ಬಲಗೈಯ ಕಿರುಬೆರಳನ್ನು ಚಕ್ರದ ಅಂಚಿಗೆ ತಾಗಿಸಿ, ಅದರ ವೇಗಕ್ಕೆ ಸರಿಯಾಗಿ, ನೂಕಿಯೂ ನೂಕದ ಹಾಗೆ ಆಸರೆ ಕೊಡುತ್ತಾರೆ. ಹೆಚ್ಚಾದರೆ ಮಗುವಿನ ದನಿ ಕೀಚಲಾಗುತ್ತದೆ, ಕಡಿಮೆಯಾದರೆ ಚಕ್ರ ನಿಲ್ಲುತ್ತದೆ. ಎಂಟು ನಿಮಿಷ ಅವರು ರೆಪ್ಪೆ ಹೊಡೆದದ್ದೂ ಅಷ್ಟಕ್ಕಷ್ಟೆ. ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿದೆ. ಹೊರಗೆ ಗಂಡ ಬೀಗದ ಗೊಂಚಲನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದಿದ್ದಾರೆ.

ಕೊನೆಯ ನಿಮಿಷ. ಹುಡುಗಿಗೆ ಮಗ್ಗಿ ಸಾಕಾಗಿದೆ. "ಎರಡೊಂದ್ಲ ಐದು!" ಮೆಷಿನ್ನು ನಿಲ್ಲುತ್ತದೆ. "ಎರಡೆರಡ್ಲ ನೂರು!" ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮೆಷಿನ್ನು ಟಕ್‌ಟಕ್ ಎನ್ನುತ್ತದೆ, ನಿಲ್ಲುತ್ತದೆ. ಟಕ್‌ಟಕ್‌ಟಕ್. ನಿಲ್ಲುತ್ತದೆ. ಬಟ್ಟೆ ಹೊಲಿಯುವ ಸದ್ದಲ್ಲ ಅದು. ಹುಡುಗಿ ಕಿಲಕಿಲ ನಗುತ್ತಾಳೆ. ಟಕ್‌ಟಕ್‌ಟಕ್‌ಟಕ್.

"ಅಮ್ಮ ನಗ್ತಿದಾಳೆ," ಎನ್ನುತ್ತಾಳೆ ಕಂಡಕ್ಟರ್. "ಕಾಲಲ್ಲಿ ನಗೋಳು ಅವಳು."

ಕಟ್ ಎಂದು ಗುಂಡಿ ಮೇಲೆದ್ದಿತು. ಟೇಪಕ್ಕ ಬೆರಳು ತೆಗೆದರೆ ಅದರ ತುದಿ ಸೆಟೆದುಕೊಂಡಿದೆ. ಮೊದಲು ಫೈಲು ಉಳಿಸಿ, ಎರಡು ಕಡೆ ನಕಲು ಮಾಡಿ, ಆಮೇಲೆ ಬೆವರು ಒರೆಸಿಕೊಂಡರು. ಕ್ಯಾಸೆಟ್ಟು ಎತ್ತಿದರೆ ಒಂದು ಕಡೆ ಟೇಪಿನ ಮೈ ಗಾಜಿನ ಹಾಗೆ ಪಾರದರ್ಶಕ. ಅಲ್ಲಿ ಇನ್ನೇನೂ ಉಳಿದಿಲ್ಲ.

"ಈಗ ಸ್ಪೀಕರ್‌ನಲ್ಲಿ ಕೇಳೋಣ. ನಮ್ಮನೆಯವ್ರೂ ಕೇಳ್ಲಿ, ಒಂದು ಗಂಟೆಯಿಂದ ಕಾವಲು ನಿಂತಿದಾರೆ."

ಫೈಲು ಓಡುತ್ತದೆ. ಮೆಟ್ಟಿಲ ಸಂದಿಯಲ್ಲೆಲ್ಲ ಹೊಲಿಗೆ ಮೆಷಿನ್ನು. ಹುಡುಗಿ, "ಏಳೆಂಟ್ಲ ಐವತ್ನಾಲ್ಕು" ಎಂದದ್ದೇ ತಡ, ಹೊರಗಿನಿಂದ ಗಡಸು ದನಿ: "ಐವತ್ತಾರು!"

"ಶ್!" ಎಂದರು ಗಂಡ.

ಇಣುಕಿ ನೋಡಿದರೆ, ವಾಕಿಂಗಿಗೆ ಹೋದರೆಂದುಕೊಂಡಿದ್ದ ಮೇಷ್ಟ್ರು ಕೆಳಗಿನಿಂದ ಮೂರನೇ ಮೆಟ್ಟಿಲಲ್ಲಿ ಕೂತಿದ್ದಾರೆ. ಚಪ್ಪಲಿ ಎರಡೂ ಕೈಯಲ್ಲಿ. ಸದ್ದಾದೀತು ಎಂದು ಬಿಚ್ಚಿ ಹಿಡಿದುಕೊಂಡದ್ದು. "ಏನ್ಮಾಡೋದು, ಅಭ್ಯಾಸ" ಎಂದರು. ಆಮೇಲೆ, ಇನ್ನೂ ಕೇಳುತ್ತ, "ಅದ್ಯಾರು, ಮೆಷಿನ್ ನಿಲ್ಸೋರು? ನಾನು ಮೂವತ್ತು ವರ್ಷ ಕೂಗಾಡಿ ಕಲಿಸಿದ್ದನ್ನ ಸುಮ್ಮನಿದ್ದು ಕಲಿಸ್ತಿದಾರಲ್ಲ."

ಅವರ ಪ್ರಶ್ನೆಗೆ ಕಂಡಕ್ಟರ್ ಉತ್ತರ ಕೊಡುವ ಹೊತ್ತಿಗೆ ಪಾಳಿಗೆ ತಡವಾಗಿತ್ತು.

ಆ ಲ್ಯಾಪ್‌ಟಾಪಿನಲ್ಲಿ ಮೊದಲು ಇಳಿಸಿದ ಮುದುಕರ ಟೇಪನ್ನೂ ಟೇಪಕ್ಕ ತರಿಸಿಕೊಂಡಿದ್ದಾರೆ, ಇನ್ನೊಮ್ಮೆ ಇಳಿಸಲು. ಕನ್ನಡಿಯಂಥ ಆ ದನಿಯ ಹಿಂದೆ ಯಾರಾದರೂ ಬಾವಿಯಿಂದ ನೀರು ಸೇದುತ್ತಿದ್ದರೋ, ಪಾತ್ರೆ ತೊಳೆಯುತ್ತಿದ್ದರೋ ಯಾರಿಗೆ ಗೊತ್ತು. ಈಗ ಗಿರಾಕಿಗಳನ್ನು ಹೊಸದೊಂದು ಪ್ರಶ್ನೆ ಕೇಳುತ್ತಾರೆ. ಏನು ಕೇಳಿಸಬೇಕು ಎಂದಲ್ಲ, ಹಿಂದೆ ಏನೇನು ಇತ್ತು ಎಂದು. ಕೆಲವರು ನಗುತ್ತಾರೆ. ಕೆಲವರು ಯೋಚನೆಗೆ ಬೀಳುತ್ತಾರೆ.

ಅವರಿಗೊಂದು ಆಸೆಯಿದೆ, ಹೇಳಿಕೊಳ್ಳುವಂಥದ್ದಲ್ಲ ಎಂದು ಅವರೇ ಅನ್ನುತ್ತಾರೆ. "ಆ ಲಿಫ್ಟಿಗೆ ಬೇರೆ ಲೈನು ಎಳೆಸಿಕೊಟ್ರೆ ಸಾಕು. ನನ್ನ ಟೇಪಿಗೂ ಒಳ್ಳೇದು, ಮೇಷ್ಟ್ರ ಮಂಡಿಗೂ ಒಳ್ಳೇದು."

ಬಾಗಿಲಲ್ಲಿ ಗಂಡ ಲಿಫ್ಟಿನ ಬೀಗ ತೆಗೆದು ಬಂದು ನೋಟ್‌ಬುಕ್ಕು ಬಿಚ್ಚುತ್ತಾರೆ. ಹೋದ ವಾರದ ಸಾಲು ಹುಡುಕಿ ಪೆನ್ನಿನ ಟೋಪಿ ತೆಗೆದು ಕೇಳುತ್ತಾರೆ, "ಇಲ್ಲಿ ಏನಾದ್ರೂ ಸೇರಿಸ್ಬೇಕೇನೇ? ಹೊಲಿಗೆ ಮೆಷಿನ್ ಸದ್ದು ಇದೆ ಅಂತ?"

ಟೇಪಕ್ಕ ಹತ್ತಿಯಿಂದ ಹೆಡ್ಡು ಒರೆಸುತ್ತಿದ್ದಾರೆ. ತಲೆ ಎತ್ತುವುದಿಲ್ಲ.

"ಅದೇನೂ ಬೇಡ. ಕೊನೇ ಮನೇಲಿ ಒಂದು ಅಂತ ಇದೆಯಲ್ಲ, ಅದನ್ನ ಹೊಡೆದು ಎರಡು ಅಂತ ಬರೀರಿ."